ನೂರ ನಲವತ್ತು ಮೈಲಿ

ಸ್ವಪ್ನಾಗೆ ಗ್ರೋನಿಂಗನ್ ವಿಶ್ವವಿದ್ಯಾಲಯದಿಂದ ಕೆಲಸದ ಪತ್ರ ಬಂದ ದಿನ ಮನೆಯಲ್ಲಿ ಎಣ್ಣೆಗಾಯಿ ಮಾಡಿದ್ದರು. ಬಸಲಿಂಗಮ್ಮ ಗದಗಿನಿಂದ ತಂದಿದ್ದ ಗುರೆಳ್ಳು ಪುಡಿಯನ್ನೆಲ್ಲ ಅವತ್ತೇ ಸುರಿದು ಮುಗಿಸಿದ್ದಳು. ಆದರೂ ಊಟದ ಮೇಜಿನ ಸುತ್ತ ಕೂತ ಉಳಿದ ಮೂವರಲ್ಲಿ ಒಬ್ಬರೂ ಚೆನ್ನಾಗಿದೆ ಅನ್ನಲಿಲ್ಲ.

"ಅದು ಎಷ್ಟು ದೂರ ಐತಿ?" ಎಂದು ಬಸಲಿಂಗಮ್ಮ ಕೇಳಿದಳು.

"ಬಸ್ಸು, ರೈಲು ಕೂಡಿ ಮೂರೂವರೆ ತಾಸು ಆಗ್ತದರಿ ಅತ್ತಿ," ಅಂದಳು ಸೊಸೆ ಸ್ವಪ್ನಾ. "ಸೋಮವಾರ ಹೋದ್ರ ಗುರುವಾರ ಸಂಜೀಕ ಬರ್ತೀನಿ. ಅಲ್ಲೇ ಒಂದು ರೂಮ್ ಹಿಡಿಬೇಕಾಗ್ತದ. ನಾಲ್ಕು ವರ್ಷದ ರಿಸರ್ಚ್ ಪೋಸ್ಟ್."

ಮಗ ಬಸವಪ್ರಸಾದ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಮತ್ತ ಮನಿ?"

"ಮನಿ ಇಲ್ಲೇ ಇರ್ತದ. ಅದೇನು ನನ್ನ ಸಂಗಾಟ ಬರೂದಿಲ್ಲ."

"ಜೋಕ್ ಮಾಡಬ್ಯಾಡ. ಶರಣ್ಯಾಗ ಹದಿನಾಲ್ಕು ವರ್ಷ. ಅಕಿಗೆ ಯಾರು ನೋಡ್ಬೇಕು?"

"ನನ್ನ ಕೇಳಿ ಪಪ್ಪಾ, ನಾನು ಇಲ್ಲೇ ಕೂತಿದ್ದೀನಿ," ಅಂದಳು ಶರಣ್ಯಾ. "ಐ ಡೋಂಟ್ ನೀಡ್ ನೋಡೋರು."

ಬಸಲಿಂಗಮ್ಮ ಮಗನ ತಟ್ಟೆಗೆ ಇನ್ನೊಂದು ಬದನೆಕಾಯಿ ಹಾಕಿ, "ಗಂಡ ಒಂದು ದಿಕ್ಕು, ಹೆಂಡ್ತಿ ಒಂದು ದಿಕ್ಕು ಅಂದ್ರ ಅದು ಸಂಸಾರ ಅಲ್ಲ, ವರ್ಗಾವಣಿ," ಅಂದಳು. ಬಸವಪ್ರಸಾದ ನಕ್ಕ. ಸ್ವಪ್ನಾ ತನ್ನ ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಬಸಲಿಂಗಮ್ಮನಿಗೆ ಎಪ್ಪತ್ತು ವರ್ಷ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಗಂಡ ವೀರಣ್ಣ ತೀರಿಕೊಂಡ ಮೇಲೆ ಇದೇ ಮೊದಲ ಸಲ ಮಗನ ಮನೆಗೆ, ಡಚ್ಚರ ನಾಡಿನ ಕಡಲತೀರದ ನೂರ್ಡ್‌ವೈಕ್‌ಗೆ ಬಂದಿದ್ದಳು. ಫೆಬ್ರುವರಿಯಿಂದ ಮೇ ತನಕ, ಮೂರು ತಿಂಗಳ ವೀಸಾ. ಬಸವಪ್ರಸಾದನಿಗೆ ಊರಾಚೆಯ ಬಾಹ್ಯಾಕಾಶ ಕೇಂದ್ರದಲ್ಲಿ ಉಪಗ್ರಹಗಳನ್ನು ಅಲುಗಾಡಿಸಿ, ಕಾಯಿಸಿ, ತಣಿಸಿ ಪರೀಕ್ಷೆ ಮಾಡುವ ಕೆಲಸ. ಸ್ವಪ್ನಾ ಮದುವೆಗೆ ಮುಂಚೆ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದಳು. ಇಲ್ಲಿಗೆ ಬಂದ ಹನ್ನೊಂದು ವರ್ಷಗಳಲ್ಲಿ ಅವಳಿಗೆ ಸಿಕ್ಕಿದ್ದು ಟುಲಿಪ್ ಗಡ್ಡೆಗಳ ಕಂಪನಿಯಲ್ಲಿ ವಾರಕ್ಕೆ ಮೂರು ದಿನ ಬೂಷ್ಟು ಹಿಡಿದ ಗಡ್ಡೆಗಳನ್ನು ಆರಿಸುವ ಕೆಲಸವೊಂದೇ.

ಹಗಲು ಹೊತ್ತು ಮನೆ ಖಾಲಿ. ಬೆಳಿಗ್ಗೆ ಹನ್ನೊಂದಕ್ಕೆ ಬಸಲಿಂಗಮ್ಮ ಪಕ್ಕದ ಮನೆಯ ಟ್ರೂಸ್ ಎಂಬ ಮುದುಕಿಯ ಹತ್ತಿರ ಕಾಫಿಗೆ ಹೋಗುವಳು. ಟ್ರೂಸ್‌ಗೆ ಎಂಬತ್ತೆಂಟು. ಆಕೆ ಡಚ್ಚಿನಲ್ಲಿ ಮಾತಾಡುವಳು, ಈಕೆ ಕನ್ನಡದಲ್ಲಿ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ತಾಸುಗಟ್ಟಲೆ ಮಾತು ಮಾತ್ರ ನಿಲ್ಲದು. ಕಿಟಕಿಯಾಚೆ ಸಮುದ್ರದಿಂದ ಬಂದ ಮಂಜು ಬೇಲಿ ದಾಟಿ ಅಂಗಳಕ್ಕಿಳಿದು ಸೈಕಲ್ಲು, ಮರ, ಗೋಡೆ ಎಲ್ಲವನ್ನೂ ನಿಧಾನವಾಗಿ ಅಳಿಸಿಬಿಡುವುದು. ಆಗ ತಾನು ಯಾವ ಊರಲ್ಲಿದ್ದೇನೆ ಎಂಬುದು ಬಸಲಿಂಗಮ್ಮನಿಗೆ ಮರೆತೇಹೋಗುವುದು.

ಮಾರ್ಚ್ ಮೊದಲ ವಾರ ಟ್ರೂಸ್ ವೃದ್ಧಾಶ್ರಮಕ್ಕೆ ಹೊರಟಳು. ಸಾಮಾನು ಕಟ್ಟಲು ಹೋಗಿದ್ದ ಶರಣ್ಯಾ ಒಂದು ತಗಡಿನ ಡಬ್ಬಿ ಹಿಡಿದು ಬಂದಳು. ಅದರ ತುಂಬ ಪತ್ರಗಳು.

"ಆಯಿ, ಟ್ರೂಸ್ ಚಿಕ್ಕೋಳಿದ್ದಾಗ ಲಿಂಬರ್ಗ್‌ನಲ್ಲಿದ್ರಂತೆ. ಅಲ್ಲಿ ಮಾರ್ಗ್ರಾಟನ್ ಅಂತ ಊರು. ಸೆಕೆಂಡ್ ವರ್ಲ್ಡ್ ವಾರ್‌ನಲ್ಲಿ ಸತ್ತ ಅಮೆರಿಕನ್ ಸೋಲ್ಜರ್ಸ್‌ನ ಅಲ್ಲಿ ಹೂಳಿದ್ದಾರೆ. ಎಂಟು ಸಾವಿರಕ್ಕಿಂತ ಜಾಸ್ತಿ. ಒಂದೊಂದು ಸಮಾಧೀನ ಇಲ್ಲಿನ ಒಂದೊಂದು ಮನೆಯವ್ರು ನೋಡ್ಕೊಳ್ತಾರೆ. ಟ್ರೂಸ್ ಅಮ್ಮ ಒಂದು ತಗೊಂಡ್ರು, ಆಮೇಲೆ ಟ್ರೂಸ್. ಎಲ್ಡನ್ ಕ್ರೌಸ್ ಅಂತ ಅವನ ಹೆಸರು. ಇವೆಲ್ಲಾ ಅವನ ಅಕ್ಕ ಬರೆದಿದ್ದು. ನೆಬ್ರಾಸ್ಕಾ ಅನ್ನೋ ಸ್ಟೇಟ್‌ನಿಂದ."

"ಈಗ ನಿನಗ್ಯಾಕ ಕೊಟ್ರು?"

"ಅವ್ರಿಗೆ ಹೋಗೋಕಾಗಲ್ಲ. ನೋಡ್ಕೊಳ್ಳೋರು ಅಂತ ಹೆಸರು ಅವ್ರದ್ದೇ ಇರುತ್ತೆ. ವರ್ಷಕ್ಕೊಂದ್ಸಲ ಯಾರಾದ್ರೂ ಹೂ ಇಟ್ಟು ಬರ್ಬೇಕು. ನಾನು ಆಯ್ತು ಅಂದೆ."

ಸಂಜೆ ಬಸವಪ್ರಸಾದ ಡಬ್ಬಿ ನೋಡಿ ಮುಖ ಗಂಟಿಕ್ಕಿದ. "ಸತ್ತವರ ಪೆಟಿಗಿ ಮನ್ಯಾಗ ಯಾಕ?"

"ಯಾಕಂದ್ರ?" ಅಂದಳು ತಾಯಿ. "ನಾವೇನು ಹೂಳೂದಿಲ್ಲೇನು? ನಿಮ್ಮಪ್ಪನ್ನ ಕೂಡಿಸಿ ಮಣ್ಣು ಕೊಟ್ಟು ಬಂದೀವಿ. ಸಮಾಧಿಗೆ ಅಂಜೋ ಮಂದಿ ಅಲ್ಲ ನಾವು. ಇರ್ಲಿ ಬಿಡು."

ಅಂದಿನಿಂದ ಶಾಲೆ ಬಿಟ್ಟು ಬಂದ ಶರಣ್ಯಾ ಅಡುಗೆಮನೆಯ ಮೇಜಿನ ಮೇಲೆ ದಿನಕ್ಕೊಂದು ಪತ್ರ ಬಿಚ್ಚಿದಳು. ಬಸಲಿಂಗಮ್ಮ ಮೆಂತ್ಯ ಸೋಸುತ್ತಲೋ, ಬೆಳ್ಳುಳ್ಳಿ ಸುಲಿಯುತ್ತಲೋ ಕೇಳುವಳು. ಅಕ್ಕನ ಹೆಸರು ಲೊರೀನ್. ತಾಯಿ ಮಾರ್ಥಾ. ಅವರದು ನಾರ್ತ್ ಪ್ಲ್ಯಾಟ್ ಎಂಬ ರೈಲು ಊರಿನ ಪಶ್ಚಿಮಕ್ಕೆ ಒಂದು ಹೊಲಮನೆ. ಸಕ್ಕರೆ ತೆಗೆಯುವ ಬೀಟ್ ಗಡ್ಡೆ, ಜೋಳ, ಹಂದಿಗಳು. ಮರವಿಲ್ಲದ ಬಯಲು.

"ಯುದ್ಧ ಶುರುವಾದ ಮೇಲೆ ಆ ಸ್ಟೇಷನ್‌ನಲ್ಲಿ ಸೋಲ್ಜರ್ಸ್ ಟ್ರೇನ್ ಬರೀ ಹತ್ತು ನಿಮಿಷ ನಿಲ್ತಿತ್ತಂತೆ. ಸುತ್ತಲಿನ ಹಳ್ಳಿ ಹೆಂಗಸ್ರೆಲ್ಲ ಸರದಿ ಹಾಕ್ಕೊಂಡು ಊಟ ಕೊಡ್ತಿದ್ರು. ದಿನಾ, ಎಲ್ಲಾ ಟ್ರೇನ್‌ಗೂ. ಯಾರದ್ದಾದ್ರೂ ಬರ್ತ್‌ಡೇ ಇದ್ರೆ ಕೇಕ್! ಮಾರ್ಥಾ ತಮ್ಮ ಮನೆ ಸಕ್ಕರೆ ರೇಷನ್ ಎಲ್ಲಾ ಕೇಕಿಗೇ ಹಾಕಿ, ತಾವು ಸಪ್ಪೆ ಕಾಫಿ ಕುಡಿತಿದ್ರಂತೆ."

ಬಸಲಿಂಗಮ್ಮನ ಕೈ ನಿಂತಿತು. ತಾನು ಹದಿನಾರರ ಹುಡುಗಿಯಾಗಿದ್ದಾಗ, ಬಾಂಗ್ಲಾ ಯುದ್ಧದ ಆ ಚಳಿಗಾಲದಲ್ಲಿ, ಅಪ್ಪ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಹೊಟಗಿ ಜಂಕ್ಷನ್ನಿನಲ್ಲಿ ಸೈನಿಕರ ಗಾಡಿ ನಿಂತಿತ್ತು. ಅವ್ವ ಕೊಟ್ಟ ರೊಟ್ಟಿಯ ಗಂಟನ್ನು ಅವಳು ಕಿಟಕಿಗೆ ಎತ್ತಿ ಹಿಡಿದಿದ್ದಳು. ಒಳಗಿನಿಂದ ಒಂದು ಕೈ ಬಂದು ತೆಗೆದುಕೊಂಡಿತ್ತು. ಮುಖ ಕಾಣಿಸಿರಲಿಲ್ಲ.

ಆಮೇಲಿನ ಮಧ್ಯಾಹ್ನಗಳಲ್ಲಿ ಅವಳಿಗೆ ಸೋಫಾದ ಮೇಲೆ ಕಣ್ಣು ಹತ್ತಿದರೆ ಸಾಕು, ನೆಬ್ರಾಸ್ಕಾ ಬರುತ್ತಿತ್ತು. ಅದು ಗದಗಿನ ಎರೆ ಹೊಲದಂತೆಯೇ ಇತ್ತು, ಬದುಗಳಿಲ್ಲ, ಅಷ್ಟೇ. ತಲೆಗೆ ಬಟ್ಟೆ ಕಟ್ಟಿದ ಮಾರ್ಥಾ ಹಂದಿಗಳನ್ನು ಕೂಗಿ ಕರೆಯುತ್ತಿದ್ದಳು, ಧ್ವನಿ ಎಲ್ಲಿಯೂ ತಾಗದೆ ಹೋಗುತ್ತಿತ್ತು. ದೂರದಲ್ಲಿ ಗಾಡಿಯ ಹೊಗೆ ಎದ್ದು, ಹೊಲದ ಮೇಲೆ ತೇಲಿ, ನೂರ್ಡ್‌ವೈಕಿನ ಮಂಜಿನಲ್ಲಿ ಕೂಡಿಹೋಗುತ್ತಿತ್ತು. ಎಚ್ಚರಾದಾಗ ಗಡ್ಡೆಹೂಗಳ ಹೊಲದಿಂದ ಹಯಸಿಂತ್ ವಾಸನೆ ಮನೆಯೊಳಗೆ ತುಂಬಿರುತ್ತಿತ್ತು.

ಮನೆಯ ಜಗಳ ಮಾತ್ರ ನಿದ್ದೆ ಮಾಡಲಿಲ್ಲ. ಮಾರ್ಚ್ ಕೊನೆಯೊಳಗೆ ಸ್ವಪ್ನಾ ಉತ್ತರ ಬರೆಯಬೇಕಿತ್ತು.

"ಮಂಗಳವಾರ, ಬುಧವಾರ ನನಗ ಟೆಸ್ಟ್ ಇರ್ತಾವು," ಎಂದ ಬಸವಪ್ರಸಾದ, ಬಟ್ಟೆ ಮಡಚುತ್ತಿದ್ದ ಹೆಂಡತಿಯ ಮುಂದೆ ನಿಂತು. "ಎಂಟು ಗಂಟೆಗೆ ಮನಿಗೆ ಬರ್ತೀನಿ. ಅಡಗಿ ಯಾರು ಮಾಡ್ತಾರ?"

"ನೀವು ಉಪಗ್ರಹಕ್ಕ ಇನ್ನೂರು ಡಿಗ್ರಿ ಚಳಿ ಕೊಟ್ಟು ಬದುಕಿಸ್ತೀರಿ. ಒಂದು ಅನ್ನ, ಒಂದು ಸಾರು ಆಗೂದಿಲ್ಲೇನ್ರಿ?"

"ಮಾತು ತಿರುಗಿಸಬ್ಯಾಡ."

"ತಿರುಗಿಸಿಲ್ಲ. ನೀವು ಕೇಳಿದ್ದಕ್ಕೇ ಹೇಳಾಕತ್ತೀನಿ."

ಬಸಲಿಂಗಮ್ಮ ಅಡುಗೆಮನೆಯಿಂದಲೇ, "ಗಡ್ಡಿ ಕಂಪನಿ ಏನು ಕಡಿಮಿ ಆಗೇತಿ? ಮನಿ ಬಾಜೂಕೇ ಐತಲ್ಲ," ಅಂದಳು. ಸ್ವಪ್ನಾ ಮಡಚಿದ ಬಟ್ಟೆಯ ಗೋಪುರವನ್ನೆಲ್ಲ ಮತ್ತೆ ಬುಟ್ಟಿಗೆ ಸುರಿದು ಮೇಲೆ ಹೋದಳು.

ಮರುದಿನ ಶರಣ್ಯಾ ಓದಿದ್ದು ಲೊರೀನ್ ಕೆಲಸಕ್ಕೆ ಹೋದ ಕಥೆ. ಗ್ರ್ಯಾಂಡ್ ಐಲೆಂಡ್ ಎಂಬಲ್ಲಿ ಗೋಧಿ ಹೊಲಗಳನ್ನು ಕೊಂಡು ಸರ್ಕಾರ ಬಾಂಬು ತುಂಬುವ ಕಾರ್ಖಾನೆ ಕಟ್ಟಿತು. ಗಂಡಸರೆಲ್ಲ ಸೈನ್ಯಕ್ಕೆ ಹೋಗಿದ್ದರಿಂದ ಹೆಂಗಸರನ್ನು ಕರೆದರು. ಲೊರೀನ್‌ಗೆ ಹತ್ತೊಂಬತ್ತು.

"ಅವ್ರ ಅಪ್ಪ ನೋ ಅಂದ್ರಂತೆ ಆಯಿ. ಹಂದಿಗಳಿಗೆ ಯಾರು ಮೇವು ಹಾಕ್ತಾರೆ ಅಂತ."

"ಮತ್ತ?"

"ಮಾರ್ಥಾ ಏನೂ ಮಾತಾಡ್ಲಿಲ್ಲ. ಬೆಳಿಗ್ಗೆ ನೋಡಿದ್ರೆ ಸೂಟ್‌ಕೇಸ್ ಪ್ಯಾಕ್ ಮಾಡಿ ಬಾಗಿಲ ಹತ್ರ ಇಟ್ಟಿದ್ರಂತೆ. ಅಲ್ಲಿ ಉಂಗುರ, ಹೇರ್‌ಪಿನ್ ಎಲ್ಲಾ ತೆಗಿಸ್ತಿದ್ರು, ಕಿಡಿ ಹಾರಿದ್ರೆ ಬ್ಲಾಸ್ಟ್ ಆಗುತ್ತೆ ಅಂತ."

ಬಸಲಿಂಗಮ್ಮ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಮುಟ್ಟಿಕೊಂಡಳು. "ಲಿಂಗದ ಕರಡಿಗಿನೂ ತೆಗಿ ಅಂತಿದ್ರೇನು?"

"ತೆಗಿಸ್ತಿದ್ರು ಅನ್ಸುತ್ತೆ." ಶರಣ್ಯಾ ಫೋನ್ ಒತ್ತಿ ನೋಡಿದಳು. "ಮನೆಯಿಂದ ನೂರ ನಲವತ್ತು ಮೈಲಿ ಅಂತ ಬರ್ದಿದ್ದಾರೆ. ಅಂದ್ರೆ ಇನ್ನೂರ ಇಪ್ಪತ್ತೈದು ಕಿಲೋಮೀಟರ್. ಆಯಿ! ಇಲ್ಲಿಂದ ಗ್ರೋನಿಂಗನ್‌ಗೆ ಇರೋ ಅಷ್ಟೇ!"

"ಅದಕ್ಕೇನೀಗ?" ಎಂದು ಬಸಲಿಂಗಮ್ಮ ಎದ್ದು ಒಲೆಯ ಹತ್ತಿರ ಹೋದಳು.

ಮೂವತ್ತೊಂದನೇ ತಾರೀಖು ಸಂಜೆ ಸ್ವಪ್ನಾ ಅನ್ನ ಬಡಿಸುತ್ತ, "ಇಲ್ಲ ಅಂತ ಬರದೆ," ಎಂದಳು. ಬಸವಪ್ರಸಾದ, "ಭಾಳ ಚಲೋ ಆತು ಬಿಡು. ಮುಂದ ಇಲ್ಲೇ ಲೈಡನ್‌ನ್ಯಾಗ ಏನರ ಸಿಗ್ತೈತಿ," ಅಂದ.

ಅಲ್ಲಿಂದ ಮನೆಗೆ ಶಾಂತಿ ಬಂತು. ಬಸವಪ್ರಸಾದ ಸ್ನಾನದ ಕೋಣೆಯಲ್ಲಿ ಹಾಡತೊಡಗಿದ. ಶನಿವಾರ ಹೆಂಡತಿಗೆ ಹೂಗುಚ್ಛ ತಂದ, ತಾಯಿಗೆ ಸಮುದ್ರದಂಡೆಯಲ್ಲಿ ಪ್ಯಾನ್‌ಕೇಕ್ ತಿನ್ನಿಸಿದ. ಸ್ವಪ್ನಾ ಎಲ್ಲದಕ್ಕೂ ಹೂಂ ಅಂದಳು. ಹೊತ್ತಿಗೆ ಸರಿಯಾಗಿ ಊಟ, ಮಡಚಿದ ಬಟ್ಟೆ, ಒರೆಸಿದ ಮೇಜು. ಬಸಲಿಂಗಮ್ಮ ಬಯಸಿದ್ದೂ ಇದನ್ನೇ. ಆದರೆ ಆ ವಾರ ಅವಳು ಎರಡು ಸಲ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಯಾರೂ ಏನೂ ಅನ್ನದೆ ಉಂಡರು. ಅದರಿಂದ ಅವಳಿಗೆ ಇನ್ನೂ ಕಸಿವಿಸಿಯಾಯಿತು.

ಡಬ್ಬಿಯ ತಳದಲ್ಲಿ ಎರಡು ದಪ್ಪ ಪತ್ರಗಳಿದ್ದವು. ಒಂದು ಭಾನುವಾರ ಸಂಜೆ, ಊಟವಾದ ಮೇಲೆ, ಎಲ್ಲರೂ ಮೇಜಿಗೆ ಕೂತಿದ್ದಾಗಲೇ ಶರಣ್ಯಾ ಅವನ್ನು ಓದಿ ಹೇಳಿದಳು.

ಸಾವಿರದ ಒಂಬೈನೂರ ನಲವತ್ನಾಲ್ಕರ ಅಕ್ಟೋಬರ್. ಬೀಟ್ ಕೀಳಲು ಆಳುಗಳಿರಲಿಲ್ಲ. ನೆಬ್ರಾಸ್ಕಾದಲ್ಲಿ ಜರ್ಮನ್ ಯುದ್ಧಕೈದಿಗಳ ಶಿಬಿರಗಳಿದ್ದವು, ಅಲ್ಲಿಂದ ಲಾರಿಯಲ್ಲಿ ಆರು ಜನರನ್ನು ಕ್ರೌಸ್ ಮನೆಯ ಹೊಲಕ್ಕೆ ಕಳಿಸುತ್ತಿದ್ದರು. ಕ್ರೌಸರೂ ಹಿಂದೊಮ್ಮೆ ಜರ್ಮನ್ ಭಾಷೆಯವರೇ. ಮನೆಯ ಅಜ್ಜಿ ಕೈದಿಗಳ ಜೊತೆ ತನ್ನ ಮಾತಿನಲ್ಲಿ ಹರಟುತ್ತಿದ್ದಳು. ಮಾರ್ಥಾ ಮಧ್ಯಾಹ್ನ ಎಲ್ಲರಿಗೂ ಬಿಸಿ ಊಟ ಕೊಡುತ್ತಿದ್ದಳು. ಒಂದು ಮಂಗಳವಾರ, ಎಲ್ಡನ್ ಜರ್ಮನಿಯ ಗಡಿಯಲ್ಲಿ ಸತ್ತ ಎಂದು ತಂತಿ ಬಂತು. ಬುಧವಾರ ಲಾರಿ ಎಂದಿನಂತೆ ಬಂದು ನಿಂತಿತು.

"ಊಟ ಕೊಡ್ಬೇಡ ಅಂದ್ರು ಲೊರೀನ್ ಅಪ್ಪ," ಶರಣ್ಯಾಳ ದನಿ ಸಣ್ಣದಾಯಿತು. "ಆದ್ರೂ ಮಾರ್ಥಾ ಆಲೂಗಡ್ಡೆ ಬೇಯಿಸಿ ಪಾತ್ರೆ ಹೊತ್ಕೊಂಡು ಹೊಲಕ್ಕೆ ಹೋದ್ರು. ಅಜ್ಜಿಯಿಂದ ವಿಷಯ ಗೊತ್ತಾಗಿ ಒಬ್ಬ ಕೈದಿ ಟೋಪಿ ತೆಗ್ದು ನಿಂತ. ಅವನಿಗೆ ತಿನ್ನೋಕಾಗ್ಲಿಲ್ಲ. ಆಗ ಮಾರ್ಥಾ ಅಂದ್ರಂತೆ, ತಿನ್ನು, ಇನ್ನೂ ಅರ್ಧ ಹೊಲ ಉಳಿದಿದೆ. ಅಪ್ಪ ಹಿಮ ಬೀಳೋವರೆಗೂ ಮಾರ್ಥಾ ಹತ್ರ ಮಾತಾಡ್ಲಿಲ್ಲ."

"ನಾನಾಗಿದ್ರ ಕೊಡ್ತಿದ್ದಿಲ್ಲ," ಎಂದ ಬಸವಪ್ರಸಾದ.

"ನೀವಾಗಿದ್ರ ಪಾತ್ರಿ ಎಲ್ಲೈತಿ ಅಂತ ಕೇಳ್ತಿದ್ರಿ," ಅಂದಳು ಸ್ವಪ್ನಾ. ಎರಡು ವಾರದಲ್ಲಿ ಅವಳ ಬಾಯಿಂದ ಬಂದ ಮೊದಲ ಖಾರದ ಮಾತು ಅದು.

ಕೊನೆಯ ಪತ್ರ ಲೊರೀನ್ ಮುದುಕಿಯಾದ ಮೇಲೆ ಬರೆದದ್ದು. ಯುದ್ಧ ಮುಗಿದ ವರ್ಷವೇ ಕಾರ್ಖಾನೆ ನಿಂತು ಹೆಂಗಸರನ್ನು ಮನೆಗೆ ಕಳಿಸಿದರು. ಸೈನಿಕರ ಗಾಡಿಗಳಿಗೆಂದು ಸ್ಟೇಷನ್ನಿನಲ್ಲಿ ನಡೆಸುತ್ತಿದ್ದ ಊಟದ ಮನೆಯೂ ಮುಚ್ಚಿತು. ಲೊರೀನ್ ಊರಿಗೆ ಬಂದು ಆರು ತಿಂಗಳು ಹಂದಿಗಳಿಗೆ ಹಾಕಿ, ಏಳನೇ ತಿಂಗಳು ಒಮಾಹಾ ನಗರಕ್ಕೆ ಹೊರಟುಹೋದಳು. ಒಬ್ಬ ತಮ್ಮ ವಿಮಾನದ ಕೆಲಸಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋದ, ಇನ್ನೊಬ್ಬ ಸರ್ಕಾರದ ದುಡ್ಡಿನಲ್ಲಿ ಕಾಲೇಜಿಗೆ. ಕುದುರೆಗಳನ್ನು ಮಾರಿ ಟ್ರ್ಯಾಕ್ಟರ್ ತಂದರು. ಸುತ್ತಲಿನ ಹೊಲಮನೆಗಳು ಒಂದೊಂದಾಗಿ ದೀಪ ಹಚ್ಚುವುದನ್ನು ನಿಲ್ಲಿಸಿದವು. ಶಾಲೆ ಮುಚ್ಚಿತು. ಶರಣ್ಯಾ ಒಂದು ಸಾಲನ್ನು ಇಂಗ್ಲಿಷಿನಲ್ಲೇ ಎರಡು ಸಲ ಓದಿ, ಆಮೇಲೆ ಕನ್ನಡದಲ್ಲಿ ಹೇಳಿದಳು: "ಎಲ್ಡನ್‌ನ ಯುದ್ಧ ತಗೊಂಡ್ಹೋಯ್ತು. ನಮ್ಮನ್ನೆಲ್ಲ ಶಾಂತಿ ತಗೊಂಡ್ಹೋಯ್ತು. ನಾನು ಹೋಗಿದ್ದಕ್ಕೆ ಯಾವತ್ತೂ ಅಳಲಿಲ್ಲ. ಆದ್ರೆ ಅಮ್ಮನಿಗೆ ಸೂಟ್‌ಕೇಸ್ ಕಟ್ಟಿಕೊಡೋರು ಯಾರೂ ಇರ್ಲಿಲ್ಲ."

ಯಾರೂ ಏಳಲಿಲ್ಲ. ಹೊರಗೆ ಬೆಳಕು ಇನ್ನೂ ಇತ್ತು, ಏಪ್ರಿಲಿನ ಆ ಮುಗಿಯದ ಸಂಜೆಯ ಬೆಳಕು. ಬಸಲಿಂಗಮ್ಮ ತಟ್ಟೆಯ ಅಂಚಿನಲ್ಲಿ ಒಣಗಿದ ಅನ್ನದ ಅಗುಳುಗಳನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸುತ್ತ ಕೂತಳು.

ಏಪ್ರಿಲ್ ಕೊನೆಯ ಶನಿವಾರ ನಾಲ್ವರೂ ಕಾರಿನಲ್ಲಿ ಮಾರ್ಗ್ರಾಟನ್‌ಗೆ ಹೋದರು. ಲಿಂಬರ್ಗಿನಲ್ಲಿ ನೆಲ ಸ್ವಲ್ಪ ಸ್ವಲ್ಪವೇ ಏರಿ ಇಳಿಯತೊಡಗಿತು. ಗೇಟು ದಾಟಿ ಮೆಟ್ಟಿಲು ಹತ್ತಿದರೆ ಹಸಿರು ಇಳಿಜಾರಿನ ತುಂಬ ಬಿಳಿಯ ಶಿಲುಬೆಗಳು. ನಡೆದಂತೆಲ್ಲ ಸಾಲುಗಳು ತೆರೆದುಕೊಂಡು, ಮುಚ್ಚಿಕೊಂಡು, ಮತ್ತೆ ಬೇರೆ ದಿಕ್ಕಿಗೆ ತೆರೆದುಕೊಳ್ಳುತ್ತಿದ್ದವು. ಬಸಲಿಂಗಮ್ಮನಿಗೆ ತಾನು ನಡೆಯುತ್ತಿಲ್ಲ, ಅವೇ ತನ್ನ ಸುತ್ತ ನಿಧಾನವಾಗಿ ತಿರುಗುತ್ತಿವೆ ಅನ್ನಿಸಿತು.

ಎಲ್ಡನ್ ಕ್ರೌಸ್, ನೆಬ್ರಾಸ್ಕಾ. ಬಿಳಿಯ ಕಲ್ಲಿನ ಮೇಲೆ ಬಿಳಿಯ ಅಕ್ಷರ, ಹತ್ತಿರ ಹೋದರೂ ಸರಿಯಾಗಿ ಕಾಣದು. ಶರಣ್ಯಾ ಟುಲಿಪ್ ಇಟ್ಟಳು. ಅಲ್ಲಿ ಕೆಲಸ ಮಾಡುವವನೊಬ್ಬ ಬಕೆಟ್ಟಿನಿಂದ ಒದ್ದೆ ಮರಳು ತೆಗೆದು ಅಕ್ಷರಗಳಿಗೆ ತಿಕ್ಕಿ, ಸ್ಪಂಜಿನಿಂದ ಒರೆಸಿದ. ಹೆಸರು ಹೊನ್ನಿನ ಬಣ್ಣದಲ್ಲಿ ಎದ್ದು ನಿಂತಿತು.

ಬಸಲಿಂಗಮ್ಮ ಹುಲ್ಲಿನ ಮೇಲೆ ಕುಳಿತುಬಿಟ್ಟಳು. "ನಮ್ಮಪ್ಪ ಡ್ಯೂಟಿ ಮ್ಯಾಲೇ ಸತ್ತ," ಎಂದಳು, ಯಾರ ಕಡೆಗೂ ನೋಡದೆ. "ನನಗ ಇಪ್ಪತ್ತು ವರ್ಷ. ಮದುವಿಯಾಗಿ ಒಂದು ವರ್ಷ. ಅಪ್ಪನ ಜಾಗಾಕ್ಕ ನನಗ ರೈಲ್ವೇದಾಗ ನೌಕರಿ ಕೊಡ್ತೀವಿ ಅಂದ್ರು, ಟಿಕೆಟ್ ಕೊಡೂ ಕೆಲಸ. ಸೊಲ್ಲಾಪುರದಾಗ."

"ಅವ್ವಾ, ಇದನ್ನ ಯಾವತ್ತೂ ಹೇಳಿಲ್ಲಲ್ಲ ನೀನು," ಎಂದ ಬಸವಪ್ರಸಾದ.

"ಯಾರು ಕೇಳ್ತಿದ್ರು? ನಮ್ಮತ್ತಿ ಒಂದೇ ಮಾತು ಅಂದ್ಲು, ರೊಟ್ಟಿ ಯಾರು ಬಡೀತಾರ ಅಂತ. ನಿಮ್ಮಪ್ಪ ನಕ್ಕ. ಅಷ್ಟಕ್ಕ ಮುಗೀತು. ನಾನೂ ಸಿಟ್ಟಾಗ್ಲಿಲ್ಲ. ಮನ್ಯಾಗ ಭಾಳ ಶಾಂತಿ ಇತ್ತು." ಅವಳು ಸೊಸೆಯ ಕಡೆ ತಿರುಗಿದಳು. "ಅವತ್ತು ಎಣ್ಣಿಗಾಯಿ ಬಡಿಸ್ಕೋತ ವರ್ಗಾವಣಿ ಅಂದೆ ನಾನು. ನಮ್ಮತ್ತಿ ದನಿಯೊಳಗ ಅಂದೆ. ತಪ್ಪಾತು ಸ್ವಪ್ನಾ. ಆ ಕೆಲಸ ಕೊಟ್ಟವ್ರಿಗೆ ಫೋನ್ ಹಚ್ಚು. ಇನ್ನೂ ಜಾಗಾ ಐತೇನು ಕೇಳು."

ಸ್ವಪ್ನಾಳ ಮುಖ ಕೆಂಪಾಯಿತು. "ಜಾಗಾ ಐತ್ರಿ ಅತ್ತಿ," ಅಂದಳು. "ನಾ ಇಲ್ಲ ಅಂತ ಬರದೇ ಇಲ್ಲ. ಮೇ ಒಂದರ ತನಕ ಟೈಮ್ ಕೇಳೀನಿ."

ಬಸವಪ್ರಸಾದ ಅವಳನ್ನೇ ನೋಡಿದ. "ಸುಳ್ಳು ಹೇಳಿದಿ?"

"ಹೌದ್ರಿ. ಹೂಂ ಅಂತ ಬರಿಯಾಕ ಧೈರ್ಯ ಇರ್ಲಿಲ್ಲ, ಇಲ್ಲ ಅಂತ ಬರಿಯಾಕ ಮನಸ್ಸಿರ್ಲಿಲ್ಲ. ನೀವು ಹಾಡೂದು ಕೇಳ್ಕೋತ ದಿನಾ ಕೂತೆ. ಇಷ್ಟ ವರ್ಷದಾಗ ನೀವು ಅಷ್ಟು ಖುಷಿ ಇದ್ದದ್ದು ನಾ ನೋಡಿದ್ದಿಲ್ಲ."

ಅವನಿಗೆ ಅದು ನಾಟಿತು. ಎರಡೂವರೆ ತಾಸು ಅವನು ರಸ್ತೆಯಿಂದ ಕಣ್ಣು ತೆಗೆಯದೆ ಕಾರು ಓಡಿಸಿದ. ಶರಣ್ಯಾ ಹಿಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಮನೆ ಬಂದ ಮೇಲೆಯೂ ಅವನು ಎರಡು ದಿನ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಚಹಾ ತಾನೇ ಮಾಡಿಕೊಂಡ, ಸಕ್ಕರೆ ಡಬ್ಬಿ ಹುಡುಕಲು ಎಲ್ಲ ಕಪಾಟು ತೆರೆದ, ಆದರೂ ಕೇಳಲಿಲ್ಲ. ಮಂಗಳವಾರ ಸಂಜೆ ಅಡುಗೆಮನೆಗೆ ಬಂದು, ತೋಳು ಮಡಚಿ, "ಅವ್ವಾ, ಹಿಟ್ಟು ಹೆಂಗ ನಾದೂದು ತೋರ್ಸು," ಅಂದ.

"ಸಿಟ್ಟು ಇಳೀತೇನು?"

"ಇಲ್ಲ. ಅದು ಬ್ಯಾರೆ, ಇದು ಬ್ಯಾರೆ."

ಆಮೇಲಿನ ದಿನಗಳಲ್ಲಿ ಮನೆ ತುಂಬ ಹಿಟ್ಟು. ಅವನ ಚಪಾತಿ ಒಂದೂ ದುಂಡಗಾಗಲಿಲ್ಲ. ಶರಣ್ಯಾ ಫೋಟೋ ತೆಗೆದು, "ಪಪ್ಪಾ, ಇದು ನೆಬ್ರಾಸ್ಕಾ ಮ್ಯಾಪ್ ಥರ ಇದೆ," ಎಂದು ನಕ್ಕಳು. ಸ್ವಪ್ನಾ ಬುಧವಾರ ಹೂಂ ಎಂದು ಬರೆದಳು. ಗಂಡ ಹೆಂಡಿರ ನಡುವೆ ಮಾತು ಮೊದಲಿನಷ್ಟು ಸಲೀಸಾಗಲಿಲ್ಲ. ಆದರೆ ಬಚ್ಚಿಟ್ಟದ್ದು ಯಾವುದೂ ಇರಲಿಲ್ಲ. ಒಂದು ಸಂಜೆ ಇಬ್ಬರೂ ಅಂಗಳದಲ್ಲಿ ಜೋರಾಗಿಯೇ ವಾದಿಸುತ್ತಿದ್ದರು, ಯಾವ ದಿನ ಯಾರು ತರಕಾರಿ ತರಬೇಕೆಂದು. ಬಸಲಿಂಗಮ್ಮ ಕಿಟಕಿ ಮುಚ್ಚಲಿಲ್ಲ.

ವೀಸಾ ಮುಗಿಯಲು ಐದು ದಿನ ಇರುವಾಗ ಅವಳೇ ಹಟ ಹಿಡಿದು ಸೊಸೆಯ ಜೊತೆ ಗ್ರೋನಿಂಗನ್ ರೈಲು ಹತ್ತಿದಳು. ಬಾಡಿಗೆಗೆ ಹಿಡಿದ ಕೋಣೆಯನ್ನು ಕಣ್ಣಾರೆ ನೋಡಬೇಕೆಂದು. ಕಿಟಕಿಯ ಪಕ್ಕ ಹಸಿರು ಬಯಲು, ಕಾಲುವೆ, ಒಂಟಿ ಕುದುರೆ, ಮತ್ತೆ ಬಯಲು. ಉತ್ತರಕ್ಕೆ ಹೋದಷ್ಟೂ ಆಕಾಶ ಕೆಳಗಿಳಿದು ನೆಲಕ್ಕೆ ಹತ್ತಿರವಾಗುತ್ತಿತ್ತು.

ಕೋಣೆ ಮೂರನೇ ಮಹಡಿಯಲ್ಲಿತ್ತು. ಮೆಟ್ಟಿಲು ಏಣಿಯಷ್ಟು ಕಡಿದು. ಬಸಲಿಂಗಮ್ಮ ಸೀರೆ ಎತ್ತಿ ಹಿಡಿದು, ನಡುನಡುವೆ ನಿಂತು ಹತ್ತಿದಳು. ಒಳಗೆ ಒಂದು ಮೇಜು, ಒಂದು ಕುರ್ಚಿ, ಮಂಚದ ಮೇಲೆ ಚಾದರ ಹಾಸದ ಹೊಸ ಗಾದಿ. ಗೋಡೆಗಳು ಬರಿದಾಗಿದ್ದವು. ಸ್ವಪ್ನಾ ಟೇಪು ಹಿಡಿದು ಪರದೆಗೆಂದು ಕಿಟಕಿ ಅಳೆಯತೊಡಗಿದಳು.

ಫೋನ್ ಬಂತು. ಬಸವಪ್ರಸಾದ. "ಅವ್ವಾ, ಬ್ಯಾಳಿ ಕುಕ್ಕರ್‌ನ್ಯಾಗ ಎಷ್ಟು ಸೀಟಿ? ಸ್ವಪ್ನಾ ಎಲ್ಲಿ?"

"ಅಕಿ ಕೆಲಸದಾಗ ಅದಾಳ," ಎಂದಳು ಬಸಲಿಂಗಮ್ಮ. "ನೀನೇ ಒಂದು ಲೆಕ್ಕ ಹಾಕ್ಕೋ." ಫೋನ್ ಇಟ್ಟಳು.

ಆಮೇಲೆ ಗಾದಿಯ ಮೇಲೆ ಅಡ್ಡಾದಳು. ಕೆಳಗಿನ ಬೀದಿಯಲ್ಲಿ ಸೈಕಲ್ಲುಗಳು ಹಾದುಹೋಗುವ ಸಪ್ಪಳ, ಯಾವುದೋ ಗೋಪುರದ ಗಂಟೆ, ವಿದ್ಯಾರ್ಥಿಗಳ ನಗು ಎಲ್ಲ ಮೇಲೇರುತ್ತ ತೆಳುವಾಗುತ್ತಿದ್ದವು. ಬಿಸಿಲು ಗೋಡೆಯಿಂದ ಗೋಡೆಗೆ ಸರಿಯಿತು. ಸ್ವಪ್ನಾ ಅಳತೆ ಬರೆದುಕೊಂಡು ತಿರುಗಿ ನೋಡಿದರೆ ಅತ್ತೆ ಆಗಲೇ ನಿದ್ದೆ ಹೋಗಿದ್ದಳು, ಬಾಯಿ ಅರೆ ತೆರೆದು, ಒಂದು ಕೈ ಮಂಚದ ಅಂಚಿಗೆ ಇಳಿಬಿಟ್ಟು. ಇನ್ನು ಅರ್ಧ ತಾಸಿಗೆ ರೈಲು.

ಸ್ವಪ್ನಾ ಕುರ್ಚಿಯನ್ನು ಸದ್ದಾಗದಂತೆ ಎಳೆದುಕೊಂಡು ಕಿಟಕಿಯ ಹತ್ತಿರ ಕೂತಳು. ಎಬ್ಬಿಸಲಿಲ್ಲ. ಮುಂದಿನ ರೈಲಿಗೆ ಹೋದರಾಯಿತು ಅಂದುಕೊಂಡಳು, ಅದೂ ತಪ್ಪಿದರೆ ಅದರ ಮುಂದಿನದಕ್ಕೆ.